ಹರಿದ ರೊಟ್ಟಿ ಯಾರಿಗೆ

ರಾಯಚೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಖಾನಾವಳಿ. ಐದು ಟೇಬಲ್ಲು, ಎರಡು ಒಲೆ. ಗಂಡ ಇದ್ದಾಗ ಶುರುವಾದದ್ದು. ಅವನು ಹೋದ ಮೇಲೂ ನಿಲ್ಲಲಿಲ್ಲ, ಯಾಕೆಂದರೆ ರೊಟ್ಟಿ ಬಡಿಯುತ್ತಿದ್ದವಳು ನಾನು. ನನ್ನ ಮಣಿಕಟ್ಟು ಕೈಕೊಟ್ಟ ಮೇಲೆ ಗಬ್ಬೂರಿನ ಹೆಣ್ಣುಮಗಳೊಬ್ಬಳನ್ನು ಕೆಲಸಕ್ಕೆ ಇಟ್ಟುಕೊಂಡೆ. ದಿನಾ ಮೊದಲನೆ ಬಸ್ಸಿಗೆ ಬರುತ್ತಿದ್ದಳು. ಹನ್ನೊಂದು ವರ್ಷ ಅವಳೇ ಬಡಿದಳು.

ಅವಳ ರೊಟ್ಟಿ ಹಂಚಿನ ಮೇಲೆ ಪುಗ್ಗೆಯಂತೆ ಉಬ್ಬುತ್ತಿತ್ತು. ದೇವದುರ್ಗದ ಬಸ್ಸು ಹೊರಟು ನಿಂತಿದ್ದರೂ, ಹೋದರೆ ಹೋಗಲಿ, ಇನ್ನೊಂದು ಬಿಸಿದು ಬರಲಿ ಎಂದು ಕೂರುವವರಿದ್ದರು. ಅವರು ಬರುತ್ತಿದ್ದದ್ದು ನನ್ನ ಪುಂಡಿಪಲ್ಯಕ್ಕಲ್ಲ, ಅವಳ ಕೈಗೆ. ಇದು ನನಗೆ ಗೊತ್ತಿತ್ತು. ಅವಳ ಮುಂದೆ ಒಂದು ದಿನವೂ ಹೇಳಲಿಲ್ಲ.

ನಮ್ಮಲ್ಲಿ ಒಂದು ರೂಢಿ. ಇಡೀ ರೊಟ್ಟಿ ಗಿರಾಕಿಗೆ. ಹರಿದದ್ದು, ಸುಟ್ಟದ್ದು ಕೆಲಸದವರಿಗೆ. ಯಾರು ಮಾಡಿದ ಕಾನೂನೋ ಗೊತ್ತಿಲ್ಲ. ಮಾನ್ವಿ ಕಡೆಯ ನನ್ನ ಅತ್ತೆಮನೆಯಲ್ಲಿ ಗಂಡಸರಿಗೆ ಇಡೀದು, ಹೆಂಗಸರಿಗೆ ಹರಿದದ್ದು. ನಾನು ಅದನ್ನೇ ತಿಂದು ಬಂದವಳು, ಅದನ್ನೇ ಇಲ್ಲಿಗೂ ತಂದೆ. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಕೆಲಸದವರು ಗೋಡೆಗೆ ಒರಗಿ ನಿಂತು, ತಣ್ಣಗಾದ ತುಂಡುಗಳನ್ನು ಸಾರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದರು. ಅವಳ ಕೈಯಲ್ಲಿ ರೊಟ್ಟಿ ಹರಿಯುವುದೇ ಅಪರೂಪ. ಹಾಗಾಗಿ ಎಷ್ಟೋ ದಿನ ಅವಳ ಪಾಲಿಗೆ ಉಳಿಯುತ್ತಿದ್ದದ್ದು ತಳದ ಅನ್ನ. ಚೆನ್ನಾಗಿ ಬಡಿದಷ್ಟೂ ಅವಳಿಗೆ ರೊಟ್ಟಿ ಇಲ್ಲ. ಈ ಲೆಕ್ಕ ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಹೋದ ವರ್ಷ ಬಡಿಸುವವರು ಇಬ್ಬರು ಒಬ್ಬರ ಹಿಂದೊಬ್ಬರು ಬಿಟ್ಟು ಹೋದರು. ದುಡ್ಡಿನ ಗಲ್ಲೆಯ ಮೇಲೆ ಕೂರುವ ನನ್ನ ಸೊಸೆ, ಸಣ್ಣ ವ್ಯಾಪಾರ ಮಾಡುವ ಹೆಣ್ಣುಮಕ್ಕಳಿಗೆಂದು ಇಲ್ಲೇ ನಡೆದ ಎರಡು ದಿನದ ತರಬೇತಿಗೆ ಹೋಗಿ ಬಂದಳು. ಕೈಯಲ್ಲೊಂದು ನೋಟುಬುಕ್ಕು.

"ಅತ್ತಿ, ಕೆಲಸದವರು ಯಾಕ ಬಿಡ್ತಾರ ಗೊತ್ತೇನ್ರಿ? ನಾವು ಅವರ ಮಾತು ಕೇಳಂಗಿಲ್ಲ, ಅದಕ್ಕ."

"ನನಗೇನು ಕಿವಿ ಕೆಟ್ಟಾವೇನು? ದಿನಾ ಕೇಳಾಕತ್ತೀನಿ. ಅವರ ಬಾಯಿ ನಿಂತರ ಅಲ್ಲ!"

"ಹಂಗಲ್ರಿ. ಕೂಡಿಸಿ ಕೇಳಬೇಕು. ನಿಮಗೇನು ಬೇಕು ಅಂತ."

ಮರುದಿನ ಬಾಗಿಲು ತೆರೆಯುವ ಮೊದಲು ಎಲ್ಲರನ್ನೂ ಗಿರಾಕಿಗಳ ಕುರ್ಚಿಯ ಮೇಲೆ ಕೂರಿಸಿದಳು. ಹೊಸದಾಗಿ ಬಂದಿದ್ದ ಬಡಿಸುವವನು, ಕಾಯಿಪಲ್ಯ ಹೆಚ್ಚುವವಳು, ರೊಟ್ಟಿಯವಳು. ಕುರ್ಚಿಯ ತುದಿಗೆ ಕೂತಿದ್ದರು, ದವಾಖಾನೆಗೆ ಬಂದವರ ಹಾಗೆ. ಸೊಸೆ ಕೇಳಿದಳು. ಮತ್ತೆ ಕೇಳಿದಳು. ಆಗ ರೊಟ್ಟಿಯವಳು ಸೆರಗು ಸರಿಮಾಡಿಕೊಂಡು, ನನ್ನ ಕಡೆ ನೋಡಿ ಹೇಳಿದಳು:

"ದಿನಕ್ಕ ಒಂದ ಇಡೀ ರೊಟ್ಟಿ ಕೊಡ್ರಿ ಯವ್ವಾ. ಬಿಸೀದು. ಕುಂತು ಉಣ್ತೀನಿ."

ನಾನು ಹಿಂದೆಮುಂದೆ ನೋಡಲಿಲ್ಲ.

"ಇಡೀದು ನೀ ಉಂಡ್ರ ಹರಿದದ್ದು ಯಾರು ತಿನ್ನಬೇಕಬೇ? ಗಿರಾಕಿನ?"

ಎಲ್ಲರೂ ನಕ್ಕರು. ಬಡಿಸುವವನು ಟೇಬಲ್ಲು ಬಡಿದು ನಕ್ಕ. ಅವಳೂ ನಕ್ಕಳು. ಎದ್ದು ಹಿಟ್ಟಿಗೆ ಬಿಸಿನೀರು ಹಾಕಿದಳು. ಆ ದಿನ ಒಂದು ರೊಟ್ಟಿಯೂ ಹರಿಯಲಿಲ್ಲ. ಸಂಜೆ ರೊಟ್ಟಿ ಬಡಿಯುವ ಕಲ್ಲು ತೊಳೆದು, ಹಂಚು ಬೋರಲು ಹಾಕಿ ಹೋದವಳು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ನಾಲ್ಕನೆ ದಿನ ನಾನೇ ಗಬ್ಬೂರಿನ ಬಸ್ಸು ಹತ್ತಿದೆ. ಹನ್ನೊಂದು ವರ್ಷದಲ್ಲಿ ಅವಳ ಮನೆ ನೋಡಿದ್ದು ಅದೇ ಮೊದಲು. ಒಲೆಯ ಮುಂದೆ ಕೂತಿದ್ದಳು.

"ಬರ್ರಿ ಯವ್ವಾ, ಕುಂದರ್ರಿ. ಊಟ ಮಾಡ್ರಿ."

ಬೇಡ ಅಂದರೂ ಬಿಡಲಿಲ್ಲ. ಹಂಚಿನಿಂದ ತೆಗೆದ ರೊಟ್ಟಿ ನನ್ನ ತಾಟಿಗೆ ಹಾಕಿದಳು, ಇಡೀದು. ಇನ್ನೊಂದು ತನ್ನ ತಾಟಿಗೆ ಹಾಕಿಕೊಂಡು, ನನ್ನ ಎದುರಿಗೆ ಕೂತು ಉಣ್ಣತೊಡಗಿದಳು. ಅವಳು ಕೂತು ಉಣ್ಣುವುದನ್ನು ನಾನು ನೋಡಿದ್ದೂ ಅದೇ ಮೊದಲು.

"ಬಾ ಬೇ. ಇನ್ನ ದಿನಾ ನಿನಗ ಇಡೀ ರೊಟ್ಟಿನ. ಎರಡು ಉಣ್ಣು, ಮೂರು ಉಣ್ಣು."

"ರೊಟ್ಟಿ ಇಲ್ಲೂ ಅದ ಯವ್ವಾ."

"ಮತ್ತೇನಾಗ್ಯಾದ ನಿನಗ?"

"ನೀವು ಕೇಳಿದ್ರಿ ಅಂತ ಹೇಳಿದೆ. ಇಷ್ಟು ವರ್ಷದಾಗ ಒಂದ ಸಲ ಕೇಳಿದ್ರಿ. ಎಲ್ಲಾರೂ ಕೂಡಿ ನಕ್ಕ್ರಿ."

"ನೀನೂ ನಕ್ಕಿಯಲ್ಲ!"

"ಮತ್ತೇನು ಅಳಬೇಕಿತ್ತೇನ್ರಿ?"

ತಪ್ಪಾಯ್ತು ಎಂಬ ಒಂದು ಮಾತು ಅಲ್ಲಿ ಆಡಬೇಕಿತ್ತು. ಗಂಡನ ಮುಂದೆ, ಅತ್ತೆಯ ಮುಂದೆ ಸಾವಿರ ಸಲ ಆಡಿದ್ದೇನೆ, ನನ್ನ ತಪ್ಪಿಲ್ಲದಿದ್ದರೂ. ಕೆಲಸದವಳ ಮುಂದೆ ನಾಲಿಗೆ ಹೊರಳಲಿಲ್ಲ. ರೊಟ್ಟಿ ಉಂಡೆ, ಕೈ ತೊಳೆದೆ, ಬಸ್ಸಿಗೆ ಹೊತ್ತಾಯಿತು ಅಂದೆ. ಅವಳು ರಸ್ತೆಯವರೆಗೆ ಬಂದು ಕಳಿಸಿದಳು. ಬಸ್ಸು ಬರುವವರೆಗೂ ಇಬ್ಬರೂ ಬಿಸಿಲಿನ ಮಾತಾಡಿದೆವು.

ಆಮೇಲೆ ಬೇರೊಬ್ಬಳು ಬಂದಳು, ಎಂಟು ದಿನಕ್ಕೆ ಬಿಟ್ಟಳು. ಅಂಗಡಿಯಿಂದ ಮಷೀನಿನ ರೊಟ್ಟಿ ತರಿಸಿದೆವು. ಗಿರಾಕಿಗಳು ಮುಟ್ಟಿ ನೋಡಿ ಅನ್ನ ಕೇಳಿದರು, ಕೆಲವರು ಎದ್ದೇ ಹೋದರು. ಸೊಸೆಯ ನೋಟುಬುಕ್ಕು ಗಲ್ಲೆಯ ಕೆಳಗೆ ಬಿದ್ದಿದೆ. ಕಾಯಿಪಲ್ಯ ಹೆಚ್ಚುವವಳೂ ಹೋದಳು, ಬಡಿಸುವವನೂ ಹೋದ. ಯಾಕೆ ಎಂದು ಈ ಸಲ ಯಾರನ್ನೂ ಕೇಳಲಿಲ್ಲ.

ಈಗ ಕಲ್ಲಿನ ಮುಂದೆ ಮತ್ತೆ ನಾನೇ ಕೂರುತ್ತೇನೆ. ಮಣಿಕಟ್ಟು ತಿರುಗುವುದಿಲ್ಲ. ಹತ್ತು ಬಡಿದರೆ ಆರು ಹರಿಯುತ್ತವೆ.

"ಅತ್ತಿ, ದೀಪಾವಳಿ ಮುಗಿದ ಮ್ಯಾಲ ಬಾಗಲಾ ಹಾಕೂಣು," ಎಂದಳು ಸೊಸೆ ಮೊನ್ನೆ. ನಾನು ಹಿಟ್ಟಿಗೆ ಬಿಸಿನೀರು ಹಾಕಿದೆ.

ಹರಿದ ರೊಟ್ಟಿ ಬುಟ್ಟಿಗಟ್ಟಲೆ ಬೀಳುತ್ತದೆ. ತಿನ್ನಲು ಕೆಲಸದವರಿಲ್ಲ. ಪಕ್ಕದ ಓಣಿಯಲ್ಲಿ ಎಮ್ಮೆ ಕಟ್ಟಿದವನೊಬ್ಬ ಸಂಜೆ ಬಂದು ಚೀಲಕ್ಕೆ ತುಂಬಿಕೊಂಡು ಹೋಗುತ್ತಾನೆ.