ಒಡಪಿಗೆ ಸಿಕ್ಕ ರೊಟ್ಟಿ

ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದು ಮದುವೆ ಮನೆಯಲ್ಲಿ ಮಾತ್ರ. ಅದೂ ಬರೀ ಹೆಸರಲ್ಲ. ಮುಂದೆ ನಾಲ್ಕು ಸಾಲು ಪ್ರಾಸ ಕಟ್ಟಿ, ಕೊನೆಗೆ ಹೆಸರು ಸೇರಿಸಿ ಹೇಳಬೇಕು. ಅದಕ್ಕೆ ನಮ್ಮ ಕಡೆ ಒಡಪು ಅನ್ನುತ್ತಾರೆ. ರೇಷನ್ ಅಂಗಡಿಯವನು "ಯಜಮಾನರ ಹೆಸರೇನಬೇ?" ಎಂದು ಕೇಳಿದರೆ, ಪಾಳಿಯಲ್ಲಿ ನನ್ನ ಹಿಂದೆ ನಿಂತವಳಿಗೆ "ನೀ ಹೇಳವಾ" ಅನ್ನುತ್ತೇನೆ. ಇಲ್ಲಿಯೂ ಬರೆಯುವುದಿಲ್ಲ. ಓದುವವರಿಗೆ ಅದರಿಂದ ಏನೂ ನಷ್ಟವಿಲ್ಲ.

ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಬಲಗೈ ಮಣಿಕಟ್ಟು ಮುರಿಯಿತು. ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಉಣ್ಣಲು ಸಾಕು, ಬೈಯುವಾಗ ಬೆರಳು ತೋರಿಸಲು ಸಾಕು, ಜೋಳದ ರೊಟ್ಟಿ ಬಡಿಯಲು ಸಾಲದು. ಹರ್ತಿ ಊರಿನ ನಮ್ಮ ಮನೆಯಲ್ಲಿ ಅಂಗಳ ಒಂದೇ, ಒಲೆ ಎರಡು. ಆ ಕಡೆ ಮಗ ಸೊಸೆ, ಈ ಕಡೆ ನಾವಿಬ್ಬರು. ಒಲೆ ಬೇರೆ ಮಾಡಿದವಳು ನಾನೇ. "ನಿನ್ನ ರೊಟ್ಟಿ ನನಗ ಬ್ಯಾಡ" ಎಂದು ಸೊಸೆಗೆ ಹೇಳಿ ಎದ್ದು ಬಂದವಳು, ಈಗ ಕೈ ಹೋಯಿತೆಂದು ಅವಳ ಮುಂದೆ ತಾಟು ಹಿಡಿಯುವುದು ನನ್ನಿಂದಾಗದು.

ಹೀಗಾಗಿ ರೊಟ್ಟಿಗೆ ಕೂತವರು ನಮ್ಮವರು. ಊರ ಕಟ್ಟೆಯ ಮೇಲೆ ಮೀಸೆ ತಿರುವುತ್ತ ಹೊಲದ ಬದುವಿನ ಜಗಳ ಬಿಡಿಸುವ ಮನುಷ್ಯ, ಬೆಳಿಗ್ಗೆ ಬಾಗಿಲಿಗೆ ಚಿಲಕ ಹಾಕಿಕೊಂಡು ಹಿಟ್ಟು ನಾದುತ್ತಿದ್ದರು. ಸಪ್ಪಳ ಕೇಳಿದ ಓಣಿಯವರು "ಮುದುಕಿ ಕೈ ಇನ್ನೂ ಗಟ್ಟಿ ಐತಿ" ಅನ್ನುತ್ತಿದ್ದರು. "ಯಾರ ಮುಂದರೆ ಪಿಟ್ ಅಂದಿ ಅಂದ್ರ ಆವತ್ತಿಗೆ ರೊಟ್ಟಿ ಬಂದ್" ಎಂದು ಅವರು ಮೊದಲ ದಿನವೇ ಹೇಳಿದ್ದರು. ಎರಡು ವರ್ಷ ನಾನು ಪಿಟ್ ಅನ್ನಲಿಲ್ಲ. ನನ್ನಂಥ ಬಾಯಿಯವಳಿಗೆ ಅದು ಸಣ್ಣ ಕೆಲಸವಲ್ಲ.

ಆಮೇಲೆ ಮೊಮ್ಮಗಳ ಮದುವೆ ಬಂತು. ಗದಗಿನಲ್ಲಿ ಕಲ್ಯಾಣ ಮಂಟಪ, ವರನ ಕಡೆಯವರು ಮುಂಡರಗಿಯವರು. ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದ ಮೇಲೆ ಭೂಮದ ಊಟಕ್ಕೆ ಕೂತೆವು. ಮದುಮಕ್ಕಳು, ಎರಡೂ ಕಡೆಯ ಹೆಂಗಸರು ಒಂದೇ ದೊಡ್ಡ ತಾಟಿನ ಸುತ್ತ ಕೂತು ಉಣ್ಣುವ ಪದ್ಧತಿ ಅದು. ಒಡಪು ಹೇಳದವರ ಬಾಯಿಗೆ ಅಲ್ಲಿ ತುತ್ತು ಇಳಿಯಲು ಬಿಡುವುದಿಲ್ಲ. ವರನ ಅಜ್ಜಿ ಬೆಳ್ಳಿಯ ಗಿಂಡಿ, ಮಲ್ಲಿಗೆಯ ದಂಡೆ, ಹುಣ್ಣಿಮೆಯ ಚಂದ್ರ ಎಲ್ಲವನ್ನೂ ಒಟ್ಟಿಗೆ ಪೋಣಿಸಿ, ನಾಜೂಕಾಗಿ ಗಂಡನ ಹೆಸರು ಹೇಳಿದಳು. ಹೇಳಿ ನನ್ನ ಕಡೆ ತಿರುಗಿದಳು.

"ಹೂಂ, ಬೀಗತಿಯಾರ, ನಿಮ್ದು ಬರ್ಲಿ. ಹರ್ತಿ ಮಂದಿಗೆ ಒಡಪು ಬರ್ತಾವೋ, ಬರೇ ಜಗಳ ಬರ್ತಾವೋ ನೋಡೂಣು!"

ಅಷ್ಟು ಸಾಕಾಯಿತು. ಗಿಂಡಿ, ಚಂದ್ರ ನನಗೆ ಬರುವುದಿಲ್ಲ. ಕಣ್ಣಿಗೆ ಕಂಡದ್ದೇ ಬಾಯಿಗೆ ಬರುತ್ತದೆ. ಬಂತು:

"ಕಟ್ಟಿ ಮ್ಯಾಲ ಕುಂತು ಮೀಸಿ ತಿರುವ್ಯಾರ ಹುಲಿಯಾಗಿ,
ಒಲಿ ಮುಂದ ಕುಂತು ಹಿಟ್ಟು ನಾದ್ಯಾರ ಸೊಸಿಯಾಗಿ,
ಕುಳ್ಳಿನಂಥಾ ರೊಟ್ಟಿ ತಿಂದು ನನ್ನ ಹಲ್ಲು ಗಟ್ಟಿಯಾಗಿ,
ಅಂಥವರ ಹೆಸರು ಹೇಳತೀನಿ, ಕೇಳ್ರಿ ಸುಮ್ಮನಾಗಿ!"

ಹೆಸರು ಹೇಳಿದೆ. ವರನ ಅಜ್ಜಿಯ ಗಂಟಲಲ್ಲಿ ಹೋಳಿಗೆ ಸಿಕ್ಕಿ, ಇಬ್ಬರು ಬೆನ್ನಿಗೆ ಗುದ್ದಬೇಕಾಯಿತು. ಮೊಮ್ಮಗಳು ಬಾಸಿಂಗ ಸರಿಸಿ ಕೇಳಿದಳು, "ಅಜ್ಜಿ, ಖರೇನ? ಅಜ್ಜ ರೊಟ್ಟಿ ಮಾಡ್ತಾನ?"

ಪ್ರಾಸಕ್ಕಾಗಿ ಅಂದೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಮತ್ಯಾರು ಮಾಡ್ತಾರ, ನಿಮ್ಮವ್ವ?" ಅಂದೆ. ಅವರವ್ವ, ಅಂದರೆ ನನ್ನ ಸೊಸೆ, ಎದುರಿಗೇ ಕೂತಿದ್ದಳು.

ಒಡಪು ಹೆಂಗಸರ ಪಂಕ್ತಿ ದಾಟುವ ಮಾತಲ್ಲ. ಅಲ್ಲಿ ಗಂಡಂದಿರ ಬಗ್ಗೆ ಏನಾದರೂ ಅಂದು, ನಕ್ಕು, ಕೈತೊಳೆದು ಎದ್ದು ಬರುತ್ತೇವೆ. ಹಿಂದಿನಿಂದ ನಡೆದು ಬಂದದ್ದು ಹಾಗೆ. ಆದರೆ ಮೊಮ್ಮಗಳ ಗೆಳತಿಯೊಬ್ಬಳು, ಲಕ್ಷ್ಮೇಶ್ವರದ ಹುಡುಗಿ, ಫೋನು ಎತ್ತಿ ಹಿಡಿದಿದ್ದಳು.

"ಅಜ್ಜಿ, ರೀಲ್ಸ್ ಬಿಟ್ಟೀನ್ರಿ. ಮಸ್ತ್ ಹೊಂಟೈತಿ!"

"ಎಲ್ಲಿಗಿ ಹೊಂಟೈತಿ?"

"ಎಲ್ಲಾ ಕಡಿಗೂ!"

ಗಂಡಸರ ಪಂಕ್ತಿಗೆ ಎರಡನೆಯ ಸಲ ಅನ್ನ ಬರುವಷ್ಟರಲ್ಲಿ ಅದು ಅಲ್ಲಿಗೂ ಮುಟ್ಟಿತ್ತು. ಮುಂಡರಗಿಯ ಬೀಗರು ಫೋನು ನಮ್ಮವರ ಮೂಗಿನ ಹತ್ತಿರ ಹಿಡಿದು, "ಬೀಗರ, ನಾಳಿ ನಮ್ಮನಿಗೂ ನಾಕು ರೊಟ್ಟಿ ಬಡದು ಕಳಸ್ರಿ" ಅಂದರಂತೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತಂತೆ. ನಮ್ಮವರು ರೀಲ್ಸನ್ನು ಕೊನೆಯವರೆಗೆ ಕೇಳಿ, ಎಲೆ ಬಿಟ್ಟು ಎದ್ದು, ಹೊರಗೆ ನಿಂತಿದ್ದ ನಮ್ಮ ಟೆಂಪೋದಲ್ಲಿ ಹೋಗಿ ಕೂತರು. ನಾನು ತಾಟಿನಲ್ಲಿ ಹೋಳಿಗೆ ಹಿಡಿದು ಹಿಂದೆ ಹೋದೆ.

"ಏನ್ರಿ, ಹಿಂಗ ಉಣ್ಣೂದು ಬಿಟ್ಟು ಎದ್ದು ಬಂದ್ರ ಬೀಗರು ಏನಂತಾರ?"

ಅವರು ಕಿಟಕಿಯ ಕಡೆ ತಿರುಗಿ ಕೂತರು.

"ಹೋಳಿಗಿ ಐತಿ. ತುಪ್ಪಾನೂ ಹಾಕೀನಿ."

"ನೀನ ತಿನ್ನು. ನಿನ್ನ ಹಲ್ಲು ಗಟ್ಟಿ ಅದಾವಲ್ಲ."

ಮರಳಿ ಹೋಗಿ ಆ ಹುಡುಗಿಗೆ "ತಗಿಯವಾ ಅದನ್ನ" ಅಂದೆ. "ನಾ ತಗದ್ರ ಏನಾತ್ರಿ ಅಜ್ಜಿ, ಶಿರಹಟ್ಟಿ ಮಂದಿ ಆಗಲೇ ಸ್ಟೇಟಸ್ ಇಟ್ಕೊಂಡಾರ" ಅಂದಳು. ಹೋಳಿಗೆಯನ್ನು ನಾನೇ ತಿಂದೆ. ತುಪ್ಪ ಹಾಕಿದ್ದನ್ನು ಚೆಲ್ಲಲಿಕ್ಕೆ ಬರುತ್ತದೆಯೇ.

ಮರುದಿನ ಬೆಳಿಗ್ಗೆ ನಮ್ಮ ಒಲೆ ಹೊತ್ತಲಿಲ್ಲ. ನಮ್ಮವರು ಕಟ್ಟೆಗೂ ಹೋಗಲಿಲ್ಲ. ಪೇಪರ್ ಅಡ್ಡ ಹಿಡಿದು ಮೂಲೆಯಲ್ಲಿ ಕೂತರು. ಅವರ ಮಾನ ಹೋಯಿತಲ್ಲ ಎಂದು ನಾನು ಮರುಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಚಿಂತೆ ರೊಟ್ಟಿಯದು. ಇವರು ಬಡಿಯದಿದ್ದರೆ ನಾನು ಸೊಸೆಯ ಒಲೆಗೆ ಹೋಗಬೇಕು. ನಾನು ಹೋಗುವ ಮೊದಲೇ ಅವಳೇ ಮುಚ್ಚಿದ ಬುಟ್ಟಿ ತಂದಳು.

"ಎರಡು ವರ್ಷ ಒಂದು ಮಾತು ಹೇಳಲಿಲ್ಲಲ್ರಿ ಅತ್ತಿ."

"ಹೇಳಿದ್ರ ನೀ ಊರತುಂಬ ಹೇಳ್ಕೋತ ಅಡ್ಡಾಡ್ತಿದ್ದಿ."

"ಈಗ ಯಾರ ಹೇಳಿದ್ರಿ?"

ಬುಟ್ಟಿ ಇಸಿದುಕೊಂಡೆ. ಎರಡು ದಿನ ಅವಳ ರೊಟ್ಟಿ ತಿಂದೆವು. ಹೊಟ್ಟೆ ತುಂಬುತ್ತಿತ್ತು, ಖಾಲಿ ಬುಟ್ಟಿ ಮರಳಿ ಕೊಡುವಾಗ ಮಾತ್ರ ನಾನು ಅವಳ ಮುಖ ನೋಡುತ್ತಿರಲಿಲ್ಲ.

ಮೂರನೆಯ ದಿನ ಮೊಮ್ಮಗಳು ಗಂಡನ ಜೊತೆ ತವರಿಗೆ ಬಂದಳು. ಲಕ್ಷ್ಮೇಶ್ವರದ ಗೆಳತಿಯೂ ಬಂದಳು, ಅವಳ ಫೋನೂ ಬಂತು. ನಮ್ಮ ಪಡಸಾಲೆಯಲ್ಲಿ ಕೂತು ಹುಡುಗಿಯರು ಜನ ಬರೆದದ್ದನ್ನೆಲ್ಲ ದೊಡ್ಡದಾಗಿ ಓದತೊಡಗಿದರು. ನಮ್ಮವರ ಪೇಪರಿನ ಹಾಳೆ ಬಹಳ ಹೊತ್ತಿನಿಂದ ತಿರುಗಿರಲಿಲ್ಲ.

"'ಅಜ್ಜಾರ ಕಾಲಿಗೆ ನಮಸ್ಕಾರ' ಅಂತ ಒಬ್ಬಾಕಿ ಹಾಕ್ಯಾಳ. 'ನಮ್ಮನಿಯವರಿಗೆ ಚಹಾ ಕಾಸಾಕೂ ಬರೂದಿಲ್ಲ, ಒಂದು ವಾರ ನಿಮ್ಮಲ್ಲಿ ಬಿಡ್ತೀನಿ' ಅಂತ ಇನ್ನೊಬ್ಬಾಕಿ. ಇದು ಡೋಣಿ ಊರಾಕೀದು ನೋಡ್ರಿ: 'ಗಂಡಸು ಬಡದ ರೊಟ್ಟಿ ಕುಳ್ಳು ಆಗಾಕಬೇಕು. ಹಿಟ್ಟಿಗೆ ಕುದಿನೀರು ಹಾಕಬೇಕಂತ ಅವರಿಗೇನು ಗೊತ್ತು?'"

ಪೇಪರ್ ಕೆಳಗೆ ಬಂತು.

"ಕುದಿನೀರು ಹಾಕದೇ ರೊಟ್ಟಿ ಆಗ್ತೈತೇನು? ಯಾರಾಕಿ? ಬರಿಯವಾ ಆಕಿಗೆ! ನೀರು ಮರಳಬೇಕು, ಹಿಟ್ಟಿನ ನಡುವ ಹಾಕಬೇಕು, ಕೈ ಸುಡೂವಾಗ ನಾದಬೇಕು!" ಆಮೇಲೆ ನನ್ನ ಕಡೆ ತಿರುಗಿದರು. ಮೂರು ದಿನದಲ್ಲಿ ಮೊದಲ ಸಲ. "ಕುಳ್ಳು ಅಂದಿ. ನೂರು ಮಂದ್ಯಾಗ ನನ್ನ ರೊಟ್ಟಿಗೆ ಕುಳ್ಳು ಅಂದಿ!"

ಕುಳ್ಳು ಎಂದರೆ ಒಲೆಗೆ ಹಾಕುವ ಸೆಗಣಿಯ ಬೆರಣಿ. ನಾನು ಅವರನ್ನೇ ನೋಡಿದೆ.

"ಮತ್ತ ಸೊಸಿ ಅಂದದ್ದಕ್ಕ ಸಿಟ್ಟಿಲ್ಲೇನು?"

"ಒಲಿ ಮುಂದ ಕುಂತಾವ ಸೊಸಿನ. ಅದು ಖರೆ. ಕುಳ್ಳು ಖರೆ ಅಲ್ಲ. ಇನ್ನೊಂದು ಒಡಪು ಹೇಳು, ಕುಳ್ಳು ಅಲ್ಲಂತ ಹೇಳು, ಈ ಹುಡುಗಿ ಅದನ್ನೂ ಬಿಡ್ಲಿ."

"ಸುಳ್ಳು ಒಡಪು ನಾ ಹೇಳೂದಿಲ್ಲ. ಮೊದಲ ಮಾಡಿ ತೋರಸ್ರಿ."

ಎದ್ದರು. ಒಲೆ ಹೊತ್ತಿತು, ನೀರು ಮರಳಿತು. ಹೊಸ ಅಳಿಯ ಬಾಗಿಲಲ್ಲಿ ಬಾಯಿ ತೆರೆದು ನಿಂತ. ಸಪ್ಪಳ ಕೇಳಿ ಸೊಸೆಯೂ ಬಂದಳು. ನಮ್ಮವರು ಮೀಸೆಗೆ ಹಿಟ್ಟು ಮೆತ್ತಿಕೊಂಡು, ಹುಡುಗಿಯ ಫೋನಿನ ಕಡೆ ಒಮ್ಮೆಯೂ ನೋಡದೆ, ಆದರೆ ಮುಖ ಮಾತ್ರ ಅದರ ಕಡೆಗೇ ಇಟ್ಟುಕೊಂಡು ಬಡಿದರು. ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಬಿಸಿಯಾಗಿದ್ದಾಗಲೇ ನನ್ನ ತಾಟಿಗೆ ಹಾಕಿದರು.

ಎತ್ತಿ ಬೆಳಕಿಗೆ ಹಿಡಿದೆ. ಅಂಚು ತೆಳ್ಳಗಿತ್ತು, ನಡುವೆ ಕೊಂಚ ದಪ್ಪ. ಮುರಿದೆ, ತಿಂದೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಕುಳ್ಳಲ್ಲ" ಅಂದೆ. "ಹಪ್ಪಳಾನೂ ಅಲ್ಲ."

"ಆಕೀದಕ್ಕಿಂತ?" ನಮ್ಮವರು ಕಣ್ಣಿನಲ್ಲೇ ಸೊಸೆಯನ್ನು ತೋರಿಸಿದರು.

"ಅಜ್ಜಿ, ಹೇಳ್ರಿ ಹೇಳ್ರಿ, ರೆಕಾರ್ಡ್ ಆಗಾಕತ್ತೈತಿ!" ಅಂದಳು ಹುಡುಗಿ.

ಒಡಪು ಹೇಳಿ ಒಮ್ಮೆ ಸುಟ್ಟುಕೊಂಡ ಬಾಯಿ. ತುತ್ತು ತುಂಬಿಕೊಂಡು, ಕೈಯಿಂದ ಇನ್ನೊಂದು ಹಾಕಿರೆಂದು ತಾಟು ತೋರಿಸಿದೆ. ನಮ್ಮವರು ಎರಡನೆಯ ಉಂಡೆಗೆ ಕೈಹಾಕಿದರು.