ನೆಲಕ್ಕಿಟ್ಟ ಕತ್ತರಿ

ಬೆಳಗಿನ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಹಿಟ್ಟಿನ ಗಿರಣಿಯ ಸದ್ದು ಬದಲಾಯಿತು. ಅಲ್ಲಿಯವರೆಗೆ ಟಪ್ ಟಪ್ ಎಂದು ಒಂದೇ ಲಯದಲ್ಲಿ ಬಡಿದುಕೊಳ್ಳುತ್ತಿದ್ದ ಮೋಟಾರಿನ ರಬ್ಬರ್ ಪಟ್ಟಾ ಯಾರೋ ಹಿಡಿದು ಬಿಗಿದ ಹಾಗೆ ನರಳಿತು. ನನಗಾಗ ಹತ್ತು ವರ್ಷ. ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಆಗತಾನೇ ಗೋಡೆಯ ಗಡಿಯಾರ ನೋಡಿದ್ದೆ, ಅದಕ್ಕೇ ಹೊತ್ತು ಇಷ್ಟು ಸರಿಯಾಗಿ ನೆನಪಿದೆ. ಈಗಲೂ ಬಳ್ಳಾರಿಯ ಯಾವುದಾದರೂ ಓಣಿಯಲ್ಲಿ ಬಿಸಿ ಜೋಳದ ಹಿಟ್ಟಿನ ವಾಸನೆ, ಅದರೊಳಗೆ ಸೇರಿಕೊಂಡ ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ, ಆ ಪಟ್ಟಾ ಒಂದು ಮೊಳ ಬಟ್ಟೆ ಎಳೆದುಕೊಳ್ಳಲು ಎಷ್ಟು ಹೊತ್ತು ಬೇಕು ಎಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದ್ದೆ. ಕಣ್ಣು ರೆಪ್ಪೆ ಬಡಿಯುವಷ್ಟು. ಆ ಉತ್ತರದಿಂದ ನನಗೇನೂ ಸಮಾಧಾನವಾಗಲಿಲ್ಲ.

ಕುರುಗೋಡಿನ ನಮ್ಮ ಮನೆಯ ಮುಂಭಾಗದಲ್ಲಿ ದೊಡ್ಡಪ್ಪನ ಗಿರಣಿ, ನಡುವೆ ಪಡಸಾಲೆ, ಹಿಂದೆ ಅಜ್ಜಿಯ ಹಿತ್ತಲು. ಪಡಸಾಲೆಯ ನೆಲದ ಮೇಲೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ನಾಲ್ಕು ಮೂಲೆಗೂ ಕಲ್ಲು ಹೇರಿ, ಅಜ್ಜಿ ಮತ್ತು ನನ್ನ ಸೋದರತ್ತೆ ಶರಣಮ್ಮ ಎದುರುಬದುರು ಕೂತು ಕೌದಿ ಹೊಲಿಯುತ್ತಿದ್ದರು. ಅಂಚಿನಿಂದ ಶುರುವಾದ ಹೊಲಿಗೆ ಸುತ್ತಿ ಸುತ್ತಿ ನಡುವಿಗೆ ಬಂದಾಗ ಒಂದು ಚೂರು ಹೋಳಿಗೆ ಒಳಗಿಟ್ಟು ಮುಚ್ಚುತ್ತಿದ್ದರು. ಹೊದ್ದವರ ಹೊಟ್ಟೆ ಹಸಿಯಬಾರದು ಎಂದು. ಅತ್ತೆಯ ಟಾಕು ಇರುವೆ ಸಾಲಿನ ಹಾಗೆ ಸಣ್ಣಗೆ, ನೆಟ್ಟಗೆ ಹೋಗುತ್ತಿತ್ತು. ಹೆಣ್ಣುಮಕ್ಕಳಿಗೆ ಉಡುಗೊರೆ ಕೊಡುವ ವಿಷಯದಲ್ಲಿ ಅಜ್ಜಿಯದು ಬೇರೆಯೇ ಲೆಕ್ಕ. ಗಂಡನ ಮನೆಗೆ ಹೋಗುವವಳಿಗೆ ಹಿತ್ತಾಳೆ ಕೊಡ ಯಾರಾದರೂ ಕೊಟ್ಟಾರು, ದುಡಿಯುವ ಸಾಮಾನು ತವರಿನವರೇ ಕೊಡಬೇಕು ಎನ್ನುತ್ತಿದ್ದಳು. ಸಿರುಗುಪ್ಪದ ಸಂತೆಯಿಂದ ತಂದು ಸಾಣೆ ಹಿಡಿಸಿದ ಕತ್ತರಿ, ಬೆರಳಿಗೆ ಹಾಕುವ ಹಿತ್ತಾಳೆ ಟೋಪಿ, ದಪ್ಪ ದಾರ ಹಿಡಿಯುವ ನಾಲ್ಕು ಸೂಜಿ, ಕಳೆ ಕೀಳಲು ಕಮ್ಮಾರನ ಹತ್ತಿರ ಹೇಳಿ ಮಾಡಿಸಿದ, ಮದುಮಗಳ ಅಂಗೈ ಅಳತೆಯದೇ ಹಿಡಿಯ ಕುರ್ಪಿ. ದೇಶನೂರಿನ ಗದ್ದೆಯವರ ಮನೆಗೆ ಮದುವೆ ಗೊತ್ತಾಗಿದ್ದ ಅತ್ತೆಗೆ ಇವೆಲ್ಲವೂ ಒಂದು ಕೆಂಪು ವಸ್ತ್ರದಲ್ಲಿ ಕಟ್ಟಿ ಸಿದ್ಧವಾಗಿದ್ದವು.

ಮೊನೆ ಇರುವ ಯಾವುದನ್ನೂ ಕೈಯಿಂದ ಕೈಗೆ ಕೊಡಬಾರದು. ನಿಮ್ಮ ಮನೆಯಲ್ಲೂ ಹೀಗೆ ಹೇಳಿರಬೇಕು. ನೆಲಕ್ಕಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಇಬ್ಬರ ನಡುವೆ ಜಗಳ ಹುಟ್ಟುತ್ತದೆ. ಒಮ್ಮೆ ಮರೆತು ಸೂಜಿಯನ್ನು ಅತ್ತೆಯ ಕೈಗೇ ಕೊಟ್ಟಾಗ ಅಜ್ಜಿ ನನ್ನ ಮುಂಗೈಗೆ ಪಟ್ಟನೆ ಹೊಡೆದಿದ್ದಳು. "ಅತ್ತಿ ಕೂಡ ಜಗಳ ಬೇಕೇನ್ ಲೇ ನಿನಗ?" ಬೇಡವಾಗಿತ್ತು. ಅತ್ತೆಯೆಂದರೆ ನನಗೆ ಪ್ರಾಣ. ಮತ್ತೆಂದೂ ಮರೆಯಲಿಲ್ಲ.

ಆ ದಿನ ದೊಡ್ಡಪ್ಪ ಗಿರಣಿ ಚಾಲೂ ಬಿಟ್ಟು ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋಗಿದ್ದ. ಜೋಳ ಬೀಸಿಸಲು ಬಂದಿದ್ದ ಮುದುಕನೊಬ್ಬ "ಹಿಟ್ಟು ಚೆಲ್ಲಾಕತ್ತೈತಿ, ಯಾರದೀರಿ?" ಎಂದು ಕೂಗಿದ. ಅತ್ತೆ ಸೂಜಿಯನ್ನು ಕೌದಿಗೆ ಚುಚ್ಚಿ ಎದ್ದು ಹೋದಳು. ಡಬ್ಬಿ ಸರಿಸಲು ಬಗ್ಗಿದಾಗ ಸೆರಗು ಪಟ್ಟಾಕ್ಕೆ ಸಿಕ್ಕಿತು. ನಾವು ಓಡುವಷ್ಟರಲ್ಲಿ ಸೀರೆ ಅವಳ ಬಲತೋಳಿಗೆ ಸುತ್ತಿಕೊಂಡು ಅವಳನ್ನು ಗಾಲಿಯ ಕಡೆಗೆ ಎಳೆಯುತ್ತಿತ್ತು. ಅಜ್ಜಿ ಹಿಂದಿನಿಂದ ಎರಡೂ ಕೈಯಲ್ಲಿ ಅವಳ ಸೊಂಟ ತಬ್ಬಿ, ಗೋಡೆಗೆ ಕಾಲು ಕೊಟ್ಟು ನಿಂತಳು. "ಕತ್ತರಿ! ಕತ್ತರಿ ಕೊಡ ಲೇ!" ನಾನು ಪಡಸಾಲೆಗೆ ಓಡಿ ಕತ್ತರಿ ತಂದೆ. ಅಜ್ಜಿ ಒಂದು ಕೈ ಬಿಡಿಸಿ ಹಿಂದಕ್ಕೆ ಚಾಚಿದಳು. ಆ ಅಂಗೈ ನನ್ನ ಮುಖದ ಮುಂದೆಯೇ ಇತ್ತು. ನಾನು ಬಗ್ಗಿ ಕತ್ತರಿಯನ್ನು ಅವಳ ಕಾಲ ಹತ್ತಿರ ನೆಲಕ್ಕಿಟ್ಟು, ಕಲಿಸಿದ್ದ ಹಾಗೆ ಒಂದು ಹೆಜ್ಜೆ ಹಿಂದೆ ಸರಿದೆ. ಅಜ್ಜಿ ಅದನ್ನು ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಿದಾಗ ಹಿಡಿತ ಸಡಿಲವಾಯಿತು.

ಆ ಮುದುಕ ಸ್ವಿಚ್ಚು ಎಳೆಯದಿದ್ದರೆ ಅತ್ತೆ ಉಳಿಯುತ್ತಿರಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಕೈ ತೆಗೆಯಲಿಲ್ಲ, ಆದರೆ ಮೊಣಕೈ ಕೆಳಗೆ ಅದು ಸತ್ತೇ ಹೋಗಿತ್ತು, ಬೆರಳು ಮಡಚುತ್ತಿರಲಿಲ್ಲ. ದೇಶನೂರಿನವರು ಒಮ್ಮೆ ಬಂದು ನೋಡಿ, ಹಣ್ಣು ಕೊಟ್ಟು ಹೋದರು. ಮತ್ತೆ ಬರಲಿಲ್ಲ. ಕೆಂಪು ಗಂಟನ್ನು ಬಿಚ್ಚುವ ಧೈರ್ಯ ಯಾರಿಗೂ ಆಗಲಿಲ್ಲ. ಆಸ್ಪತ್ರೆಯ ವರಾಂಡದಲ್ಲೇ, ನೋಡಲು ಬಂದವರಿಗೆಲ್ಲ ದೊಡ್ಡಪ್ಪ ಹೇಳಲು ಶುರು ಮಾಡಿದ: "ಏನ್ ಮಾಡೂದ್ರಿ, ಹುಡುಗಿ ಕತ್ತರಿ ನೆಲಕ್ಕಿಟ್ಲು. ಇಲ್ಲಾಂದ್ರ ಕೈ ಉಳೀತಿತ್ತು." ಮದುವೆಯಲ್ಲಿ, ತಿಥಿಯಲ್ಲಿ, ಬಸ್ಸಿನಲ್ಲಿ ಎದುರಾದ ನೆಂಟರೆಲ್ಲ ನನ್ನ ಗಲ್ಲ ಹಿಡಿದು "ಇಕೀನಾ ಅವ್ವಾ, ಕತ್ತರಿ ಹುಡುಗಿ?" ಎಂದು ಕೇಳುತ್ತಿದ್ದರು. ಅಜ್ಜಿ ಒಂದು ಮಾತೂ ಬೈಯಲಿಲ್ಲ. ಕೌದಿ ಹೊಲಿಯುವುದನ್ನು ಬಿಟ್ಟಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಾನು ರಾತ್ರಿ ಎಚ್ಚರಾಗಿ ಕೂರುವುದನ್ನು ಅಂದಿನಿಂದ ಕಲಿತೆ. ಎದ್ದಾಗಲೆಲ್ಲ ಅತ್ತೆಯೂ ಗೋಡೆಗೆ ಒರಗಿ ಕೂತಿರುತ್ತಿದ್ದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನಟಿಸುತ್ತಿದ್ದೆವು.

ಆ ಕಥೆಯಲ್ಲಿ ದೊಡ್ಡಪ್ಪ ಬಿಟ್ಟ ಒಂದು ಸಾಲು ನಮ್ಮ ಹಿತ್ತಲಲ್ಲೇ ನಿಂತಿತ್ತು. ಪಟ್ಟಾಕ್ಕೆ ಅಡ್ಡವಾಗಿ ಒಂದು ತಂತಿಯ ಜಾಳಿಗೆ ಇರುತ್ತದೆ, ಬಟ್ಟೆ ಸಿಕ್ಕದ ಹಾಗೆ. ಪಟ್ಟಾ ಜಾರಿದಾಗಲೆಲ್ಲ ಅದನ್ನು ಬಿಚ್ಚಿ ಹಾಕುವುದು ಬೇಸರವೆಂದು ದೊಡ್ಡಪ್ಪ ಅದನ್ನು ತೆಗೆದು ಹಿತ್ತಲಿಗೆ ಎಸೆದಿದ್ದ. ಚೆನ್ನಾಗಿದೆಯಲ್ಲ ಎಂದು ಅಜ್ಜಿ ಅದನ್ನು ಗೋಡೆಗೆ ಒರಗಿಸಿ ಹಾಗಲಬಳ್ಳಿ ಹಬ್ಬಿಸಿದಳು. ಅತ್ತೆ ಆಸ್ಪತ್ರೆಯಲ್ಲಿದ್ದಾಗಲೂ ಆ ಬಳ್ಳಿ ಕಾಯಿ ಬಿಡುತ್ತಿತ್ತು. ಪಲ್ಯ ಮಾಡಿ ಎಲ್ಲರೂ ತಿಂದೆವು. ದೊಡ್ಡವರಿಗೆಲ್ಲ ಅದು ಏನೆಂದು ಗೊತ್ತಿತ್ತು. ಗೊತ್ತಿಲ್ಲದಿದ್ದವಳು ನಾನೊಬ್ಬಳೇ. ಕಾಲೇಜಿನ ಪ್ರಯೋಗಾಲಯದಲ್ಲಿ ಮೋಟಾರಿಗೆ ಹಾಕಿದ್ದ ಜಾಳಿಗೆ ನೋಡಿ, ನಮ್ಮ ಹಾಗಲಬಳ್ಳಿ ಹಬ್ಬಿದ್ದು ಯಾವುದರ ಮೇಲೆಂದು ಹೊಳೆದ ದಿನ ನನ್ನ ಮೈಯೆಲ್ಲ ಉರಿಯಿತು. ಕುರುಗೋಡಿಗೆ ಹೋಗುವ ಬಸ್ಸು ಹತ್ತಿದೆ. ಇಳಿದು, ಮನೆಯ ತಿರುವಿನವರೆಗೆ ನಡೆದು, ವಾಪಸು ಬಂದೆ. ಹಿರಿಯರ ಮುಂದೆ ಮಾತಾಡಬಾರದೆಂದು ಕಲಿಸಿದವರ ಮೇಲೂ, ಅದನ್ನು ಕಲಿತ ನನ್ನ ಮೇಲೂ ಇರುವ ಸಿಟ್ಟು ಈಗಲೂ ಆರಿಲ್ಲ.

ಅಜ್ಜಿ ಹೋದಳು. ಮನೆ ಮಾರಿ, ಕೆಡವಿ, ಅಲ್ಲೀಗ ರಸಗೊಬ್ಬರದ ಅಂಗಡಿ ಇದೆ. ಅತ್ತೆ ನನ್ನ ಜೊತೆ ಬಳ್ಳಾರಿಗೆ ಬಂದಳು. ಇಬ್ಬರ ರಾತ್ರಿಯ ಎಚ್ಚರವೂ ಜೊತೆಗೇ ಬಂತು. ಮಹಡಿಯ ಮೇಲೆ ಕುಂಡಗಳನ್ನಿಟ್ಟು ಎಡಗೈಯಲ್ಲೇ ಬದನೆ, ಮೆಣಸಿನಗಿಡ ಬೆಳೆಸುತ್ತಾಳೆ. ಹೋದ ವರ್ಷ ದೊಡ್ಡಪ್ಪನ ಮೊಮ್ಮಗಳು ರೇಣುಕಾ ಮದುವೆಯಾಗಿ ಸಿರುಗುಪ್ಪಕ್ಕೆ ಹೊರಟಾಗ, ಅಜ್ಜಿ ಕೊಡುತ್ತಿದ್ದ ಸಾಮಾನನ್ನೇ ನಾನು ಹುಡುಕಿ ಹುಡುಕಿ ತಂದೆ. ಮದುವೆಮನೆಯಲ್ಲಿ ನೆಂಟರೆಲ್ಲ ಊಟಕ್ಕೆ ಕೂತಿದ್ದರು. ಗಂಟು ಬಿಚ್ಚಿದೊಡನೆ ದೊಡ್ಡಪ್ಪ ನಕ್ಕ.

"ಬಂಗಾರ ಕೊಡೂದ ಬಿಟ್ಟು ಕುರ್ಪಿ ತಂದಾಳ ನೋಡ್ರಿ, ಓದಿದಾಕಿ! ರೇಣಿ, ಕತ್ತರಿ ನೀನ ತೊಗೊ ಅವ್ವಾ. ಇಕಿ ಕೈಯಾಗ ಕತ್ತರಿ ಇದ್ರ ಏನಾಗ್ತೈತಿ, ನಿಮ್ಮ ಶರಣಮ್ಮಜ್ಜೀನ ಕೇಳು."

ಒಂದಿಬ್ಬರು ನಕ್ಕರು. ಆಗ ಅತ್ತೆ ಊಟದ ತಟ್ಟೆಯನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದಳು.

"ನನ್ನ ಕೇಳಾಕ ಹೇಳ್ತಿಯಲ್ಲಣ್ಣಾ, ಕೇಳಿದ್ರ ಹೇಳ್ತೀನಿ. ಜಾಳಗಿ ತಗದಾಂವ ಯಾರು?"

"ಎಂದಿಂದೋ ಹಳೇ ಮಾತು, ಬಿಡ ತಂಗಿ..."

"ಬಿಡಾಕ ನನ್ನ ಕೈ ಐತೇನ? ಹಾಕ್ಸು ಹಾಕ್ಸು ಅಂತ ನಿನಗ ಮೂರು ಸಲ ಹೇಳಿದ್ನಿ. ಪಟ್ಟಾ ಜಾರಿದ್ರ ನೀನ ಏರಸ್ತೀ ಏನು ಅಂದಿ. ಕೂಸಿನ ಮ್ಯಾಲ ಹೊರಸಿ ಇಷ್ಟು ವರ್ಷ ಉಂಡಿ. ನಾನೂ ಸುಮ್ಮನಿದ್ನಿ, ಅಣ್ಣ ಅಂತ. ನಂದೂ ತಪ್ಪು."

ದೊಡ್ಡಪ್ಪ ಎದ್ದು ಕೈ ತೊಳೆದುಕೊಂಡ, ಚಪ್ಪಲಿ ಹುಡುಕಿದ, ಹೊರಗೆ ಹೋದ. ತಪ್ಪಾಯಿತು ಎಂದು ಅವನು ಅವತ್ತೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ರೇಣುಕಾ ಮಾತ್ರ ನನ್ನ ಮುಂದೆ ಬಂದು ಕೂತು ಅಂಗೈ ಚಾಚಿದಳು. ಕತ್ತರಿಯನ್ನು ಅವಳ ಕೈಯಲ್ಲೇ ಇಟ್ಟೆ.

ರಾತ್ರಿ ಆಟೋದಲ್ಲಿ ಮನೆಗೆ ಬಂದೆವು. ಅತ್ತೆ ಹಾಸಿಗೆ ಹಾಸುತ್ತಾ "ಮೊದಲ ಹೇಳಬೇಕಿತ್ತು ನಾನು, ಸುಮಿ" ಎಂದಳು. "ಹೂಂ, ಹೇಳಬೇಕಿತ್ತು" ಎಂದೆ. ಅವಳ ಮೇಲೂ ಸಿಟ್ಟಿತ್ತು, ಮುಚ್ಚಿಡಲಿಲ್ಲ. ಅವಳು ತಲೆಯಾಡಿಸಿ ದೀಪ ಆರಿಸಿದಳು. ಮರುದಿನ ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಅತ್ತೆ ಪಕ್ಕದಲ್ಲಿ ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಬಾಗಿಲು ತೆರೆದರೆ, ನಮ್ಮ ಹಾಲಿನ ಪಾಕೀಟು ಹಿಡಿದು ಎದುರುಮನೆಯಾಕೆ ನಿಂತಿದ್ದಳು.

"ಹಾಲಿನಾಂವ ಮೂರು ಸಲ ಕೂಗಿ ಹೋದ್ನಲ್ರೀ. ಏನಾಗಿತ್ತು ಇಬ್ರಿಗೂ?"

"ಮಲಗಿದ್ವಿ," ಎಂದೆ.