ತೊಗರಿ ಹರವಿದ ರಸ್ತೆ

ಕ್ರೀಡೆ ಜವಾಬ್ದಾರಿಯುತ ನಾಗರಿಕರನ್ನು ರೂಪಿಸುತ್ತದೆ ಎಂಬ ಮಾತಿಗೆ ಶೈಲಶ್ರೀಯ ಉದಾಹರಣೆ ಕೊಡುವವರಿದ್ದಾರೆ. ಒಂದು ಉದಾಹರಣೆಯಿಂದ ಸಿದ್ಧಾಂತ ಹುಟ್ಟುವುದಿಲ್ಲ. ನಡೆದದ್ದನ್ನು ಮಾತ್ರ ಹೇಳಬಹುದು.

ಶೈಲಶ್ರೀ ಸಿಂದಗಿಯ ಕಾಲೇಜೊಂದರಲ್ಲಿ ಬಿ.ಎ. ಓದುವ ಸೈಕ್ಲಿಂಗ್ ಪಟು. ವಾಸ ಹಾಸ್ಟೆಲಿನಲ್ಲಿ, ರಜೆ ಬಂದರೆ ತಾಂಬಾ ಕಡೆಯ ತನ್ನ ಹಳ್ಳಿಯ ರಸ್ತೆಯಲ್ಲೇ ಅಭ್ಯಾಸ. ಸುಗ್ಗಿಯಲ್ಲಿ ಆ ರಸ್ತೆಗೆ ಇನ್ನೊಂದು ಕೆಲಸವೂ ಉಂಟು. ರೈತರು ಕೊಯ್ದ ತೊಗರಿಯನ್ನು ಡಾಂಬರಿನ ಮೇಲೆ ಹರವುತ್ತಾರೆ. ಬಸ್ಸು, ಲಾರಿಗಳ ಗಾಲಿಗಳು ಅದನ್ನು ಒಕ್ಕಿಕೊಡುತ್ತವೆ. ರೇಸ್ ಸೈಕಲ್ಲಿನ ತೆಳು ಗಾಲಿಯಾದರೋ ಆ ಕಡ್ಡಿ-ಕಾಳಿನ ಮೇಲೆ ಜಾರುತ್ತದೆ. ಡಿಸೆಂಬರಿನಲ್ಲಿ ಅವಳು ಬಿದ್ದು ಮೊಣಕೈ ತರಚಿಕೊಂಡಳು. ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯ ತಂಡದ ಆಯ್ಕೆಯಿತ್ತು. ಅಭ್ಯಾಸ ನಿಂತರೆ ಆ ಆಸೆಯನ್ನೇ ಬಿಡಬೇಕು.

ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದಳು: "ಊರ ದನಾ ಮೇಯೋ ಗಾಯರಾಣ ಜಮೀನಿನಾಗ ಎಲ್ಲಾರಿಗೂ ಒಂದು ಕಣ ಮಾಡಿಕೊಡ್ರಿ. ಅಲ್ಲೀತನಕ ರಸ್ತಾ ಅರ್ಧಾದ್ರೂ ಖಾಲಿ ಬಿಡ್ರಿ."

"ನಿಮ್ಮಪ್ಪನ ತೊಗರಿನೂ ಅಲ್ಲೇ ಐತಲ್ಲವಾ? ಮೊದಲ ಅದನ್ನ ತಗಸು," ಎಂದು ಹಿಂದೆ ಕುಳಿತಿದ್ದ ಚಂದಪ್ಪ ಕೆಣಕಿದ.

"ಹೌದ್ರಿ ಕಾಕಾ. ನಾ ಬಿದ್ದಿದ್ದೂ ನಮ್ಮಪ್ಪನ ತೊಗರಿ ಮ್ಯಾಲೇ."

ಸಭೆ ನಕ್ಕಿತು. ಅವಳ ತಂದೆ ಶಂಕ್ರೆಪ್ಪ ನಗಲಿಲ್ಲ.

ಅಷ್ಟರಲ್ಲಿ ಪಂಚಾಯಿತಿಯ ಪಿಡಿಒ ವೆಂಕಟೇಶ ತಡೆದರು. "ತಂಗಿ, ಇಲ್ಲಿ ಠರಾವು ಮಂಡಸಾಕ ಈ ಊರಿನ ಮತದಾರರ ಆಗಿರಬೇಕು. ನಿನ್ನ ಹೆಸರು ಸಿಂದಗಿ ಪಟ್ಟಿಯೊಳಗ ಐತಿ."

ಅದು ನಿಜವೇ. ಕಾಲೇಜಿನ ಮತದಾರ ಜಾಗೃತಿ ಶಿಬಿರಕ್ಕೆ ಕ್ರೀಡಾಪಟುಗಳೇ ಮುಂದಾಳುಗಳು. ಉಳಿದವರಿಗೆ ಮಾದರಿಯಾಗಲೆಂದು ಎಲ್ಲರಿಗಿಂತ ಮೊದಲು ನೋಂದಾಯಿಸಿಕೊಂಡವಳು ಶೈಲಶ್ರೀ, ಅದೂ ಹಾಸ್ಟೆಲಿನ ವಿಳಾಸದಲ್ಲಿ. ಕರ್ತವ್ಯ ಪಾಲಿಸಿದ ಕಾರಣಕ್ಕೇ ಸ್ವಂತ ಊರಿನಲ್ಲಿ ಅವಳ ಮಾತು ಲೆಕ್ಕಕ್ಕಿಲ್ಲದಾಯಿತು.

ಹೆಂಗಸರ ನಡುವೆ ಕುಳಿತಿದ್ದ ತಾಯಿ ಲಕ್ಕವ್ವ ಎದ್ದಳು. ಶಂಕ್ರೆಪ್ಪ ಕಣ್ಸನ್ನೆಯಲ್ಲೇ ಕೂರಲು ಹೇಳಿದ. ಅವಳು ಅತ್ತ ನೋಡಲಿಲ್ಲ.

"ನನ್ನ ಹೆಸರು ಐತೇನ್ರಿ ಸಾಹೇಬ್ರ?"

"ಐತ್ರಿ ಅಕ್ಕಾರ."

"ಹಂಗಾರ ಆಕಿ ಹೇಳಿದ್ದು ನಾನ ಹೇಳೀನಿ ಅಂತ ಬರ್ಕೋರಿ."

ಮೊದಲು ಹೆಂಗಸರ ಕೈಗಳು ಎದ್ದವು. ತುಸು ತಡವಾಗಿ ಗಂಡಸರವೂ. ಠರಾವು ಪಾಸಾಯಿತು.

ಮರುದಿನ ಶಂಕ್ರೆಪ್ಪ ಗೊಣಗುತ್ತಲೇ ತೊಗರಿಯನ್ನು ರಸ್ತೆಯ ಒಂದು ಮಗ್ಗುಲಿಗೆ ಎಳೆದ. ಆ ವಾರದೊಳಗೆ ಹೆಚ್ಚಿನವರು ಹಾಗೆಯೇ ಮಾಡಿದರು, ಚಂದಪ್ಪನೊಬ್ಬನನ್ನು ಬಿಟ್ಟು. ಶೈಲಶ್ರೀ ತಂಡಕ್ಕೆ ಆಯ್ಕೆಯಾದಳು, ಮೀಸಲು ಸ್ಪರ್ಧಿಯಾಗಿ. ಕಣದ ಕಡತ ತಾಲೂಕಿಗೆ ಹೋಗಿದೆಯಂತೆ. ಹೆಸರನ್ನು ಊರಿಗೆ ವರ್ಗಾಯಿಸಲು ಅವಳು ಅರ್ಜಿ ಹಾಕಿದ್ದಾಳೆ. ಮುಂದಿನ ಸಭೆಯಲ್ಲಿ ಆ ಕಡತದ ಬಗ್ಗೆ ತಾನೇ ಕೇಳಬೇಕೆಂದು.